ಗಡ್ಡವಿದ್ದ ಹೇಂಟೆ

ನನ್ನ ಹೆಸರು ಆರ್ಡಿತ್ ಪ್ರೂಯಿಟ್. ಡಟನ್ ಕಣಿವೆಯಲ್ಲಿ ರಸ್ತೆ ಮುಗಿಯುವ ಕಡೆ ಇರುವ ಮನೆ ನಮ್ಮದು. ಈ ಕಥೆ ಹೇಳಬೇಕಾದವನು ನನ್ನ ಗಂಡ ಲೋವೆಲ್. ಆದರೆ ಅವನು, "ನಾನು ಹೇಳಿದ್ರೆ ನೆಪ ಹೇಳ್ದಂಗಿರುತ್ತೆ. ನೀನೇ ಹೇಳು. ನಿನಗೆ ಬೈಯೋದು ಚೆನ್ನಾಗಿ ಬರುತ್ತೆ" ಎಂದ. ನಲವತ್ತೊಂಬತ್ತು ವರ್ಷ ಅವನ ಜೊತೆ ಸಂಸಾರ ಮಾಡಿದ್ದೇನೆ, ಬೈಯುವುದು ಬರದೆ ಇರುತ್ತದೆಯೇ? ಬೇಟೆಗೆ ಹೋಗುವವರು ಕೇಳಿ. ಅವರಿಗೆ ಬುತ್ತಿ ಕಟ್ಟಿ ಕಳಿಸುವವರೂ ಕೇಳಿ.

ನಮ್ಮ ಓಝಾರ್ಕ್ ಬೆಟ್ಟಗಳಲ್ಲಿ ಏಪ್ರಿಲ್ ಬಂತೆಂದರೆ ಗಂಡಸರು ನಸುಕಿನಲ್ಲಿ ಎದ್ದು, ಕಾಫಿ ಲೋಟ ಹಿಡಿದು ಜಗುಲಿಯಲ್ಲಿ ನಿಲ್ಲುತ್ತಾರೆ. ಯಾರೂ ಮಾತಾಡುವುದಿಲ್ಲ. ಕಾಡು ಟರ್ಕಿ ಕೋಳಿಯ ಹುಂಜ ಯಾವ ದಿಬ್ಬದಿಂದ ಕೂಗುತ್ತದೆ ಎಂದು ಕಿವಿಗೊಟ್ಟು ಕೇಳುತ್ತಾರೆ. ನಾನು ಮದುವೆಯಾಗಿ ಬಂದ ವರ್ಷ ಏಳೆಂಟು ಹುಂಜ ಒಂದರ ಮೇಲೊಂದು ಕೂಗಿ ನನಗೆ ನಿದ್ದೆಯೇ ಇರಲಿಲ್ಲ. "ಇವುಗಳ ಕತ್ತು ಹಿಸುಕೋರು ಯಾರೂ ಇಲ್ವಾ" ಎಂದು ಬೈದಿದ್ದೆ. ಆ ಬಾಯಿಗೆ ಬೂದಿ ಬೀಳಲಿ. ಎರಡು ವರ್ಷದ ಹಿಂದಿನ ಏಪ್ರಿಲ್‌ನಲ್ಲಿ ಲೋವೆಲ್ ಒಂಬತ್ತು ದಿನ ಜಗುಲಿಯಲ್ಲಿ ನಿಂತ. ಕೇಳಿಸಿದ್ದು ಒಂದೇ ಒಂದು ಹುಂಜ. ಅದೂ ತೀರ ದೂರದಲ್ಲಿ, ಒಂದು ಸಲ ಕೂಗಿ ಸುಮ್ಮನಾಯಿತು.

ಊರಿನ ಮಾತೆಲ್ಲ ನಡೆಯುವುದು ಡಾಯ್ಲ್‌ನ ಮೇವಿನಂಗಡಿಯಲ್ಲಿ. ಅಲ್ಲಿ ಒಲೆಯ ಹಿಂದಿನ ಗೋಡೆಗೆ ಹಲಗೆಗಳನ್ನು ತೂಗುಹಾಕಿದ್ದಾರೆ, ವರ್ಷಕ್ಕೊಂದು. ಟರ್ಕಿ ಹುಂಜದ ಎದೆಯ ಮೇಲೆ ಕುದುರೆಯ ಬಾಲದ ಕೂದಲಿನಂಥ ಒರಟು ಗಡ್ಡ ಇಳಿಬಿದ್ದಿರುತ್ತದೆ. ಹುಂಜ ಹೊಡೆದವನು ಆ ಗಡ್ಡ ಕತ್ತರಿಸಿ ತಂದು, ಆ ವರ್ಷದ ಹಲಗೆಗೆ ಮೊಳೆ ಹೊಡೆದು, ಕೆಳಗೆ ತನ್ನ ಹೆಸರು ಬರೆಯಬೇಕು. ಹಳೆಯ ಹಲಗೆಗಳಲ್ಲಿ ಮೊಳೆ ಹೊಡೆಯಲು ಜಾಗವಿಲ್ಲ. ನಲವತ್ತು, ನಲವತ್ತೈದು ಗಡ್ಡ. ಈಚಿನ ಹಲಗೆಗಳಲ್ಲಿ ಮರವೇ ಜಾಸ್ತಿ ಕಾಣುತ್ತದೆ. ಆದರೆ ನಲವತ್ತಾರು ಹಲಗೆಗಳಲ್ಲಿ ಒಂದನ್ನೂ ಬಿಡದೆ ಹೆಸರು ಬರೆದವನು ಇಡೀ ಊರಿಗೆ ಒಬ್ಬನೇ, ನನ್ನ ಗಂಡ. ಕಾಲು ಮುರಿದ ವರ್ಷವೂ ಊರುಗೋಲು ಊರಿಕೊಂಡು ಹೋಗಿ ಹೊಡೆದಿದ್ದ. ಹೆಂಡತಿಯ ಹುಟ್ಟುಹಬ್ಬ ಮರೆಯುತ್ತಾನೆ, ಹಲಗೆಯ ಲೆಕ್ಕ ಮರೆಯುವುದಿಲ್ಲ.

ಬೇಟೆಯ ಕಾಲ ಶುರುವಾಗುವುದಕ್ಕೆ ಮುಂಚಿನ ಶನಿವಾರ ನಾವು ಅಂಗಡಿಗೆ ಹೋದೆವು. ಡಾಯ್ಲ್ ಗಲ್ಲಾ ಹಿಂದೆ ಕೂತು ಕಡಲೆಕಾಯಿ ಸುಲಿಯುತ್ತಿದ್ದ.

"ಟರ್ಕಿ ಎಲ್ಲಿ ಹೋದ್ವು ಅಂತ ನನಗೆ ಗೊತ್ತು ಕಣಯ್ಯ" ಎಂದ. "ಸರ್ಕಾರದೋರು ಹೆಲಿಕಾಪ್ಟರಿಂದ ಹಾವು ಉದುರಿಸಿದಾರೆ. ಮೊಟ್ಟೆ ಎಲ್ಲಾ ಅವೇ ನುಂಗ್ತಾ ಇದಾವೆ."

"ನೀನು ನೋಡ್ದೆಯಾ ಡಾಯ್ಲ್?" ಹಿಂದಿನಿಂದ ದನಿ ಬಂತು. ಓಲೀಟಾ ಸ್ಕ್ಯಾಗ್ಸ್. ನಮ್ಮ ನೆರೆಮನೆಯವಳು. ಗಂಡ ತೀರಿಕೊಂಡು ಹನ್ನೆರಡು ವರ್ಷವಾಯಿತು. ಶಾಲೆಯ ಬಸ್ಸು ಓಡಿಸುತ್ತಾಳೆ, ಗಂಡಸರಿಗಿಂತ ಚೆನ್ನಾಗಿ ಗುರಿ ಇಡುತ್ತಾಳೆ. ಬೇಸಿಗೆಯಲ್ಲಿ ವನ್ಯಜೀವಿ ಇಲಾಖೆಯ ಪರವಾಗಿ ಟರ್ಕಿ ಹೇಂಟೆ ಎಷ್ಟು, ಮರಿ ಎಷ್ಟು ಎಂದು ಎಣಿಸಿ ಬರೆದು ಕಳಿಸುತ್ತಾಳೆ.

"ನನ್ನ ಭಾವಮೈದ ನೋಡಿದಾನೆ" ಎಂದ ಡಾಯ್ಲ್.

"ನಿನ್ನ ಭಾವಮೈದ ಎರಡು ಬಾಟ್ಲಿ ಆದ್ಮೇಲೆ ದೇವದೂತರನ್ನೂ ನೋಡ್ತಾನೆ."

ಎಲ್ಲರೂ ನಕ್ಕರು. ಓಲೀಟಾ ನಗಲಿಲ್ಲ. ಅವಳು ಲೋವೆಲ್ ಹತ್ತಿರ ಬಂದು, "ನಿಮ್ಮ ದಿಬ್ಬದಲ್ಲಿ ಉಳಿದಿರೋದು ಒಂದು ಹುಂಜ, ನಾಲ್ಕು ಹೇಂಟೆ. ಹೋದ ವರ್ಷ ಆ ನಾಲ್ಕೂ ಸೇರಿ ಒಂದು ಮರೀನೂ ಉಳಿಸಿಕೊಳ್ಲಿಲ್ಲ. ಈ ವರ್ಷ ಬಂದೂಕು ಒಳಗೇ ಇರಲಿ ಲೋವೆಲ್. ನಾನೂ ಲೈಸೆನ್ಸ್ ತಗೊಂಡೆ, ಆ ದುಡ್ಡು ಕಾಡಿಗೇ ಹೋಗುತ್ತೆ ಅಂತ. ಆದ್ರೆ ಹೊಡೆಯಲ್ಲ" ಎಂದಳು.

ಲೋವೆಲ್‌ಗೆ ಮೂಗಿನ ತುದಿಯಲ್ಲೇ ಕೋಪ. "ಹಂಗಾರೆ ನಾನು ಹೊಡೆದಿದ್ದಕ್ಕೆ ಕಮ್ಮಿ ಆದ್ವಾ? ವರ್ಷಕ್ಕೆ ಒಂದು, ಹೆಚ್ಚು ಅಂದ್ರೆ ಎರಡು. ಅದೂ ಕಾಯ್ದೆ ಪ್ರಕಾರ. ಅಷ್ಟೇ ಅಲ್ಲ, ವರ್ಷ ಪೂರ್ತಿ ಆ ದಿಬ್ಬಕ್ಕೆ ಜೋಳ ಹೊತ್ತು ಹಾಕೋನು ನಾನು. ನೀನು ಹಾಕ್ತೀಯಾ?"

ಅದು ನಿಜ. ಪ್ರತಿ ಶನಿವಾರ ಐವತ್ತು ಪೌಂಡಿನ ಮೆಕ್ಕೆಜೋಳದ ಚೀಲ ಕೊಂಡು, ದಿಬ್ಬದ ಮೇಲಿನ ಪೀಪಾಯಿಗೆ ಸುರಿದು ಬರುತ್ತಿದ್ದ. ಪೀಪಾಯಿಯ ತಳದಲ್ಲಿ ತೂತು ಮಾಡಿದ್ದ, ಜೋಳ ಸ್ವಲ್ಪ ಸ್ವಲ್ಪವೇ ಉದುರಲಿ ಎಂದು. ಬೇಟೆಯ ಕಾಲ ಹತ್ತಿರ ಬಂದಾಗ ಮಾತ್ರ ಕಾಯ್ದೆಗೆ ಹೆದರಿ ಸುರಿಯುವುದನ್ನು ನಿಲ್ಲಿಸುತ್ತಿದ್ದ. ಮಂಡಿ ನೋವಿದ್ದರೂ ಉಳಿದ ಕಾಲದಲ್ಲಿ ತಪ್ಪಿಸಿದವನಲ್ಲ. ಇದೊಂದು ಪುಣ್ಯದ ಕೆಲಸ ಎಂದೇ ನಾನೂ ತಿಳಿದಿದ್ದೆ.

"ಆ ಪೀಪಾಯಿ ಸುತ್ತ ಮಣ್ಣು ನೋಡಿದೀಯಾ?" ಎಂದಳು ಓಲೀಟಾ.

"ಮಣ್ಣಲ್ಲಿ ಏನಿದೆ?"

"ಕೈ ಗುರುತು. ಮಕ್ಕಳ ಕೈ ತರ, ಐದೈದು ಬೆರಳು. ಕಣ್ಣಿಗೆ ಕಪ್ಪುಪಟ್ಟಿ ಕಟ್ಕೊಂಡಂಗಿರೋ ಆ ರಾತ್ರಿಗಳ್ಳ, ರಕೂನ್ ಕಣಯ್ಯ! ನೀನು ಟರ್ಕಿಗೆ ಅಂತ ಹಾಕಿದ್ದನ್ನ ತಿಂದು ಚಳಿಗಾಲ ಕಳೀತವೆ. ವಸಂತ ಬಂದ್ರೆ ಅಲ್ಲೇ ಸುತ್ತ ಮೂಸಿ ಮೂಸಿ ಗೂಡು ಹುಡುಕಿ ಮೊಟ್ಟೆ ಕುಡೀತವೆ. ನಮ್ಮಪ್ಪನ ಕಾಲದಲ್ಲಿ ಮನೆಮನೆಗೂ ಬೇಟೆನಾಯಿ ಇತ್ತು, ರಕೂನ್ ಚರ್ಮ ಮಾರಿ ಮಕ್ಕಳಿಗೆ ಬೂಟು ತರ್ತಿದ್ರು. ಈಗ ಆ ಚರ್ಮ ಯಾರಿಗೆ ಬೇಕು? ಅವುಗಳ ಸಂತತಿ ಹೆಚ್ಚಿದೆ. ಅದರ ಮೇಲೆ ನೀನು ಊಟಾನೂ ಹಾಕ್ತಿದೀಯ. ಮಳೆಗೆ ನೆಂದು ಬೂಷ್ಟು ಹಿಡಿದ ಜೋಳ ಟರ್ಕಿ ತಿಂದ್ರೆ ಅದಕ್ಕೂ ವಿಷವೇ."

ಹಾವಿಗೆ ಹಾಲೆರೆದಂತೆ ಎನ್ನುತ್ತಾರಲ್ಲ, ಹಾಗಾಗಿತ್ತು. ಆದರೆ ಅಂಗಡಿ ತುಂಬ ಜನರಿರುವಾಗ ಯಾವ ಗಂಡಸು ಒಪ್ಪುತ್ತಾನೆ?

"ನಲವತ್ತಾರು ವರ್ಷದಿಂದ ಕಾಡು ಸುತ್ತಿದೀನಿ. ಬಸ್ಸು ಓಡ್ಸೋಳ ಹತ್ರ ಪಾಠ ಕಲೀಬೇಕಾ?"

"ಕಲೀಬೇಡ. ಒಂದು ಮಾತು ಮಾತ್ರ ನೆನಪಿಟ್ಕೊ" ಎಂದಳು ಓಲೀಟಾ, ದನಿ ಏರಿಸದೆ. "ಆ ನಾಲ್ಕರಲ್ಲಿ ಒಂದು ಹೇಂಟೆಗೆ ಗಡ್ಡ ಇದೆ. ಹತ್ತರಲ್ಲಿ ಒಂದಕ್ಕೆ ಹಂಗೆ ಬರುತ್ತೆ, ನಿನಗೆ ಗೊತ್ತು. ದಿನಾ ಬೆಳಿಗ್ಗೆ ನನ್ನ ಬಸ್ಸಿನ ಮುಂದೇನೇ ರಸ್ತೆ ದಾಟಿ ನಿಮ್ಮ ಹುಲ್ಲುಗಾವಲಿಗೆ ಬರುತ್ತೆ. ಗಡ್ಡ ಇದ್ರೆ ಹೊಡೀಬಹುದು ಅನ್ನುತ್ತೆ ಕಾಯ್ದೆ. ನೀನು ಹೊಡೀಬೇಡ."

"ಹುಂಜ ಯಾವುದು, ಹೇಂಟೆ ಯಾವುದು ಗೊತ್ತಾಗದೆ ಇರೋಕೆ ನಾನೇನು ಕುರುಡನಾ?" ಎಂದು ಲೋವೆಲ್ ದನದ ಹಿಂಡಿಯ ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟ.

ಮನೆಗೆ ಬರುವಾಗ ಗಾಡಿಯಲ್ಲಿ ನಾನು, "ಅವಳು ಹೇಳೋದ್ರಲ್ಲಿ ತಪ್ಪೇನಿದೆ?" ಎಂದೆ. "ನೀನೂ ಅವಳ ಪಾರ್ಟಿನಾ?" ಎಂದ. ಸುಮ್ಮನಾದೆ. ಆ ದಿನ ಸುಮ್ಮನಾಗಿದ್ದು ನನ್ನ ತಪ್ಪು, ಅದನ್ನು ಇಲ್ಲೇ ಒಪ್ಪಿಕೊಳ್ಳುತ್ತೇನೆ.

ಬೇಟೆಯ ಕಾಲ ಮೂರು ವಾರ. ಮೊದಲ ವಾರ ಲೋವೆಲ್ ದಿನಾ ನಸುಕಿಗೇ ಹೋದ. ಹೇಂಟೆಯ ದನಿ ಹೊರಡಿಸುವ ದೇವದಾರು ಪೆಟ್ಟಿಗೆಯನ್ನು ತಾನೇ ಕೆತ್ತಿದ್ದ. ಅದನ್ನು ಉಜ್ಜಿ ಉಜ್ಜಿ ಕರೆದ. ಎಂಥ ಮುದಿ ಹುಂಜವೂ ಆ ದನಿಗೆ ಮರುಳಾಗಿ ಓಡಿ ಬರುತ್ತಿದ್ದ ಕಾಲವಿತ್ತು. ಯಾವ ಉತ್ತರವೂ ಬರಲಿಲ್ಲ. ಎರಡನೆಯ ವಾರ ದಿಬ್ಬದ ಆಚೆ ಬದಿಯಲ್ಲಿ ಒಂದು ಗುಂಡಿನ ಸದ್ದಾಯಿತು. ಪರ ಊರಿನವನೊಬ್ಬ ಆ ಒಂದೇ ಹುಂಜವನ್ನು ಹೊಡೆದುಕೊಂಡು ಹೋಗಿದ್ದ. ಅದೂ ಕಾಯ್ದೆ ಪ್ರಕಾರವೇ.

ಮೂರನೆಯ ವಾರ ಲೋವೆಲ್ ಊಟ ಬಿಟ್ಟ. ಅವನಿಗೆ ಇಷ್ಟವೆಂದು ಬೀನ್ಸ್ ಕಾಳು ಬೇಯಿಸಿ, ಜೋಳದ ಬ್ರೆಡ್ ಮಾಡಿಟ್ಟರೆ ಒಂದು ತುಂಡು ಮುರಿದು ಹಾಗೇ ಎದ್ದುಬಿಡುತ್ತಿದ್ದ. ಅಂಗಡಿಗೆ ಹೋದರೆ ಡಾಯ್ಲ್, "ಏನೋ ಲೋವೆಲ್, ನಿನ್ನ ಮೊಳೆ ತುಕ್ಕು ಹಿಡೀತಾ ಇದೆ" ಎಂದು ಕೆಣಕುತ್ತಿದ್ದ. ತಮಾಷೆಗೇ ಅಂದದ್ದು. ಆದರೆ ಎಪ್ಪತ್ತೊಂದು ವರ್ಷದ ಮನುಷ್ಯನಿಗೆ ಹೇಳಿಕೊಳ್ಳಲು ಉಳಿದಿದ್ದ ಹೆಮ್ಮೆ ಅದೊಂದೇ.

ಕೊನೆಯ ದಿನ ಭಾನುವಾರ. ಆ ಭಾನುವಾರ ತಾಯಂದಿರ ದಿನವೂ ಆಗಿತ್ತು. ಚರ್ಚಿನಲ್ಲಿ ಅಂದು ಪ್ರತಿ ತಾಯಿಗೂ ಒಂದು ಕೆಂಪು ಕಾರ್ನೇಷನ್ ಹೂ ಕೊಟ್ಟು ಎದೆಗೆ ಚುಚ್ಚುತ್ತಾರೆ. ನಾನು ಒಬ್ಬಳೇ ಹೋದೆ. "ಲೋವೆಲ್ ಎಲ್ಲಿ?" ಎಂದು ಓಲೀಟಾ ಕೇಳಿದಳು. "ಕಾಡಲ್ಲಿ" ಎಂದೆ.

ಮನೆಗೆ ಬಂದಾಗ ಲೋವೆಲ್‌ನ ಬೂಟು ಬಾಗಿಲಲ್ಲಿತ್ತು. ಹಕ್ಕಿ ಹೊಡೆದ ದಿನ ಅವನು ಅದನ್ನು ಜಗುಲಿಯ ಕಂಬಕ್ಕೆ ತೂಗುಹಾಕಿ, ಬಾಲ ಬಿಡಿಸಿ, "ಬಾ ಕಣೇ ಆರ್ಡಿತ್, ರಾಜನ್ನ ನೋಡು" ಎಂದು ಕೂಗುತ್ತಿದ್ದ. ಆ ದಿನ ಕೂಗಲಿಲ್ಲ. ಹಕ್ಕಿ ಹಿಂದಿನ ಕೋಣೆಯ ತೊಟ್ಟಿಯಲ್ಲಿ ಬಿದ್ದಿತ್ತು. ಗಡ್ಡವನ್ನು ಆಗಲೇ ಕತ್ತರಿಸಿ ಕಾಗದದಲ್ಲಿ ಸುತ್ತಿಟ್ಟಿದ್ದ. ನಾಲ್ಕು ಅಂಗುಲ ಇತ್ತೋ ಇಲ್ಲವೋ, ತೆಳ್ಳಗೆ.

"ಚಿಕ್ಕ ಹುಂಜನಾ?" ಎಂದೆ.

"ಮಂಜಿತ್ತು" ಎಂದ. "ಗಡ್ಡ ಕಾಣಿಸ್ತು, ಹೊಡೆದೆ. ಹತ್ರ ಹೋದ್ಮೇಲೆ ಗೊತ್ತಾಯ್ತು."

ತಲೆ ನೋಡಿದೆ. ಹುಂಜದ ತಲೆಯಾದರೆ ಕೆಂಪು, ಬಿಳಿ, ನೀಲಿ ಬಣ್ಣ ಕಣ್ಣಿಗೆ ಹೊಡೆಯುತ್ತದೆ. ಇದರ ತಲೆ ಬೂದಿಯ ಬಣ್ಣಕ್ಕಿತ್ತು. ಎದೆಯ ಗರಿಗಳ ತುದಿ ಕಂದು. ಎಷ್ಟೋ ವರ್ಷದ ಅಭ್ಯಾಸ, ಅಂಗಿಯ ತೋಳು ಮಡಚಿ ಪುಕ್ಕ ಕೀಳಲು ನಿಂತೆ.

ಹೊಟ್ಟೆ ಸೀಳಿದಾಗ ನನ್ನ ಬೆರಳಿಗೆ ಗಟ್ಟಿಯಾದದ್ದೊಂದು ತಗುಲಿತು. ಹೊರಗೆ ತೆಗೆದೆ. ಮೊಟ್ಟೆ. ಪೂರ್ತಿ ಬಲಿತ ಮೊಟ್ಟೆ, ಕೆನೆ ಬಣ್ಣದ ಸಿಪ್ಪೆ, ಮೇಲೆಲ್ಲ ಕಂದು ಚುಕ್ಕೆ. ಇನ್ನೊಂದು ತಾಸು ಬದುಕಿದ್ದರೆ ಇಡುತ್ತಿತ್ತು. ಅದರ ಹಿಂದೆ ಸಿಪ್ಪೆ ಮೂಡದ ಹಳದಿ ಭಂಡಾರಗಳು, ದ್ರಾಕ್ಷಿಗೊಂಚಲಿನ ಹಾಗೆ, ನಾಳೆಯದು, ನಾಡಿದ್ದಿನದು, ಆಚೆ ನಾಡಿದ್ದಿನದು. ನನ್ನ ಎದೆಯ ಮೇಲೆ ಆ ಕೆಂಪು ಹೂ ಇನ್ನೂ ಹಾಗೇ ಇತ್ತು. ಅದನ್ನು ಕಿತ್ತು ಬಿಸಾಡಿದೆ.

ಮೊಟ್ಟೆಯನ್ನು ಊಟದ ಮೇಜಿನ ಮೇಲೆ ಅವನ ಮುಂದೆ ಇಟ್ಟೆ.

ಬೈಯಬೇಕೆಂದು ಬಾಯಿ ತೆರೆದೆ. ಅವನು ಅದನ್ನು ಎರಡು ಅಂಗೈಯಲ್ಲಿ ಮುಚ್ಚಿ ಹಿಡಿದುಕೊಂಡು ಕೂತಿದ್ದ, ಬಿಸಿ ಆರಬಾರದು ಅನ್ನುವವನ ಹಾಗೆ. ನನಗೆ ಬೈಯಲಾಗಲಿಲ್ಲ. ಆಮೇಲೆ ನಾನೇ ಓಲೀಟಾಗೆ ಫೋನ್ ಮಾಡಿದೆ.

ಮಾರನೆಯ ದಿನ ಬೆಳಿಗ್ಗೆ ಬಸ್ಸು ನಿಲ್ಲಿಸಿ ಅವಳು ನೇರ ನಮ್ಮ ಹುಲ್ಲುಗಾವಲಿಗೆ ಬಂದಳು. ಹೇಂಟೆ ದಿನಾ ರಸ್ತೆ ದಾಟುತ್ತಿದ್ದ ಜಾಗದಿಂದ ಹೆಜ್ಜೆ ಹಾಕುತ್ತ, ಬಿದ್ದ ದೇವದಾರು ಮರದ ರೆಂಬೆ ಎತ್ತಿ ನೋಡಿ, "ಇಲ್ಲಿ" ಎಂದಳು. ಒಣಗಿದ ಎಲೆ ಸರಿಸಿದರೆ ಏಳು ಮೊಟ್ಟೆ. ಮೊಟ್ಟೆ ಇಡುವ ದಿನಗಳಲ್ಲಿ ಹೇಂಟೆ ಹೀಗೆ ಎಲೆ ಮುಚ್ಚಿ ಮೇಯಲು ಹೋಗುತ್ತದೆ. ಎಲ್ಲ ಇಟ್ಟು ಮುಗಿದ ಮೇಲೆ ಇಪ್ಪತ್ತೆಂಟು ದಿನ ಕಾವು ಕೂರುತ್ತದೆ.

ಲೋವೆಲ್ ಮಂಡಿಯೂರಿ ಕೂತ. "ನಮ್ಮ ಕೆಂಪು ಕೋಳಿ ಕಾವಿಗೆ ಕೂತಿದೆ. ಅದರ ಕೆಳಗೆ ಇಡ್ತೀನಿ. ನಾನೇ ಸಾಕ್ತೀನಿ, ದೊಡ್ಡವಾದ್ಮೇಲೆ ಬಿಡ್ತೀನಿ" ಎಂದ.

"ಇಲ್ಲ ಲೋವೆಲ್."

"ಯಾಕಿಲ್ಲ? ಕಾಯ್ದೆನಾ?"

"ಕಾಯ್ದೆ ಇದ್ದೇ ಇದೆ. ಅದು ಒತ್ತಟ್ಟಿಗಿರಲಿ. ಊರುಕೋಳಿ ನಡುವೆ ಬೆಳೆದ್ರೆ ಊರುಕೋಳಿ ರೋಗ ಹತ್ತುತ್ತೆ. ಅದನ್ನ ಕಾಡಿಗೆ ಬಿಟ್ರೆ ಉಳಿದವಕ್ಕೂ ಅಂಟುತ್ತೆ. ಗಿಡುಗ ಬಂದಾಗ ಹೆಂಗೆ ಅಡಗಬೇಕು ಅಂತ ನಿನ್ನ ಕೆಂಪು ಕೋಳಿ ಕಲಿಸುತ್ತಾ? ಹಿಂದೆ ಟರ್ಕಿ ಪೂರ್ತಿ ಅಳಿದುಹೋಗಿದ್ದಾಗ ಸಾಕಿದ ಮರಿ ಸಾವಿರಗಟ್ಟಲೆ ಬಿಟ್ಟು ನೋಡಿದ್ರು. ಒಂದೂ ನಿಲ್ಲಲಿಲ್ಲ. ಕೊನೆಗೆ ಕಾಡಿನವನ್ನೇ ಹಿಡಿದು ತಂದು ಬಿಟ್ಟಿದ್ದಕ್ಕೆ ಬಂದ್ವು. ಕಾಡಿನ ತಾಯಿನೇ ಬೇಕು."

"ಹಂಗಾರೆ ಈ ಏಳು?"

ಓಲೀಟಾ ಎಲೆಗಳನ್ನು ಮತ್ತೆ ಮುಚ್ಚಿದಳು. "ಇವುಗಳ ತಾಯಿ ಇಲ್ವಲ್ಲ" ಎಂದಳು.

ಮಂಗಳವಾರ ಹೋಗಿ ನೋಡಿದಾಗ ಏಳೂ ಮೊಟ್ಟೆ ಒಡೆದು ಚೂರಾಗಿ ಬಿದ್ದಿದ್ದವು. ಒದ್ದೆ ಮಣ್ಣಿನಲ್ಲಿ ಪುಟ್ಟ ಕೈಗಳ ಗುರುತು. ಆ ಗುರುತು ಹಿಡಿದು ಲೋವೆಲ್ ದಿಬ್ಬ ಹತ್ತಿದ, ನಾನು ಹಿಂದೆ. ನೂರು ಹೆಜ್ಜೆ ಕೂಡ ಆಗಲಿಲ್ಲ. ಗುರುತು ಹೋಗಿ ನಿಂತದ್ದು ಅವನದೇ ಪೀಪಾಯಿಯ ಬುಡದಲ್ಲಿ. ಲೋವೆಲ್ ಅದನ್ನು ಒದ್ದು ಬೀಳಿಸಿದ. ಅದು ಕಣಿವೆಯ ಕೆಳಗಿನ ತನಕ ಸದ್ದು ಮಾಡುತ್ತ ಉರುಳಿತು. ಆಮೇಲೆ ಅಲ್ಲೇ ಕೂತು ಅತ್ತ. ಅವನ ತಾಯಿ ಸತ್ತಾಗಲೂ ಅವನು ಅತ್ತದ್ದನ್ನು ನಾನು ನೋಡಿರಲಿಲ್ಲ.

ಶನಿವಾರ ಅಂಗಡಿಯಲ್ಲಿ ಡಾಯ್ಲ್ ಸುತ್ತಿಗೆ ಹಿಡಿದೇ ಕಾಯುತ್ತಿದ್ದ. "ನಲವತ್ತೇಳು!" ಎಂದು ಕೂಗಿದ. ಕೂತಿದ್ದವರು ಚಪ್ಪಾಳೆ ತಟ್ಟಿದರು. ಲೋವೆಲ್ ಕಾಗದ ಬಿಚ್ಚಿ, ಆ ತೆಳ್ಳನೆಯ ಗಡ್ಡವನ್ನು ಹಲಗೆಗಿಟ್ಟು ಮೊಳೆ ಹೊಡೆದ. ಕೆಳಗೆ ಹೆಸರು ಬರೆಯಬೇಕಾದ ಕಡೆ, 'ಹೇಂಟೆ. ಒಳಗೆ ಮೊಟ್ಟೆ. ಗೂಡಲ್ಲಿ ಏಳು' ಎಂದು ಬರೆದ.

ಚಪ್ಪಾಳೆ ನಿಂತಿತು.

"ಹೋಗ್ಲಿ ಬಿಡೋ" ಎಂದ ಡಾಯ್ಲ್. "ಕಾಯ್ದೆ ಒಪ್ಪುತ್ತಲ್ಲ. ಮಂಜಲ್ಲಿ ಯಾರಿಗೆ ಕಾಣ್ಸುತ್ತೆ? ಯಾರು ಬೇಕಾದ್ರೂ ಮಾಡೋ ತಪ್ಪು."

ಲೋವೆಲ್ ತಲೆಯಾಡಿಸಿದ. ಗಾಡಿಗೆ ಬಂದು ಕೂತ.

ಕೆಟ್ಟ ಮೇಲೆ ಬುದ್ಧಿ ಬಂತು. ಆ ಸಂಜೆ ಅವನೇ ಓಲೀಟಾ ಮನೆಗೆ ನಡೆದು ಹೋಗಿ, ಟೋಪಿ ಕೈಯಲ್ಲಿ ಹಿಡಿದು, "ಬಸ್ಸು ಓಡ್ಸೋಳೇ, ಈಗ ಪಾಠ ಹೇಳಮ್ಮ" ಎಂದನಂತೆ. ಅವಳೂ ಕುಟುಕದೆ ಬಿಡಲಿಲ್ಲ. "ಫೀಸು ಕೊಡ್ಬೇಕಾಗುತ್ತೆ. ದುಡ್ಡಲ್ಲ, ನಿನ್ನ ಬೆನ್ನುಮೂಳೆ" ಎಂದಳಂತೆ.

ನಿಜವಾಗಿಯೂ ಬೆನ್ನು ಮುರಿಯುವ ಕೆಲಸವೇ ಆಯಿತು. ಆ ಚಳಿಗಾಲ ಪರವಾನಗಿ ತೆಗೆದುಕೊಂಡು ಬೋನಿಟ್ಟು ಹತ್ತೊಂಬತ್ತು ರಕೂನ್ ಹಿಡಿದ. "ಇದೊಂದರಿಂದ್ಲೇ ಆಗಲ್ಲ" ಎಂದು ಓಲೀಟಾ ಮೊದಲೇ ಹೇಳಿದ್ದಳು. "ಈ ವರ್ಷ ಹಿಡಿದ್ರೆ ಮುಂದಿನ ವರ್ಷ ಪಕ್ಕದ ಕಣಿವೆಯಿಂದ ಬರ್ತವೆ. ಮರಿಗೆ ಅಡಗೋಕೆ ಜಾಗ ಬೇಕು, ತಿನ್ನೋಕೆ ಹುಳು ಬೇಕು. ಹುಟ್ಟಿ ಎರಡು ವಾರ ಅದಕ್ಕೆ ಹಾರೋಕೂ ಬರಲ್ಲ. ನಿನ್ನ ದಿಬ್ಬ ನೋಡು, ದೇವದಾರು ಕವಿದು ಕತ್ತಲೆ ಆಗಿದೆ. ಒಂದು ಹುಲ್ಲು ಕಡ್ಡಿ ಇಲ್ಲ."

ನಮ್ಮ ಅಜ್ಜಂದಿರು ಉಣುಗು ಸಾಯಲಿ ಎಂದು ವಸಂತಕ್ಕೆ ಮೊದಲು ಕಾಡಿಗೆ ಬೆಂಕಿ ಇಡುತ್ತಿದ್ದರು. ಉಣುಗು ಸತ್ತವೋ ಇಲ್ಲವೋ, ಮರದಡಿ ಹುಲ್ಲು ಚಿಗುರುತ್ತಿತ್ತು, ಹುಲ್ಲಿನಲ್ಲಿ ಮಿಡತೆ, ಮಿಡತೆಯ ಹಿಂದೆ ಟರ್ಕಿ ಮರಿ. ನಾವು ಬುದ್ಧಿವಂತರಾಗಿ ಬೆಂಕಿ ನಿಲ್ಲಿಸಿದೆವು. ಲೋವೆಲ್ ದಿಬ್ಬದ ದೇವದಾರು ಕಡಿದ. ಫೆಬ್ರವರಿಯಲ್ಲಿ ತರಬೇತಿಯಾದವರನ್ನು ಕರೆಸಿ, ಬೆಂಕಿ ಆಚೆ ದಾಟದಂತೆ ಸುತ್ತ ಬರಿನೆಲದ ಪಟ್ಟಿ ಬಿಡಿಸಿ, ಗಾಳಿ ನೋಡಿ ಹದವಾಗಿ ಸುಡಿಸಿದ. ಬೆಂಕಿಕಡ್ಡಿ ಗೀಚಿ ಎಸೆದು ಬರುವ ಕೆಲಸವಲ್ಲ ಅದು, ತಿಳಿಯದವರು ಕೈ ಹಾಕಬೇಡಿ.

ಹೋದ ವಸಂತದಲ್ಲಿ ಅವನು ಬಂದೂಕು ಮುಟ್ಟಲಿಲ್ಲ. ಜಗುಲಿಯಲ್ಲಿ ನಿಂತು ಕೇಳಿದ. ಒಂದು ದನಿಯೂ ಇಲ್ಲ. ಇಪ್ಪತ್ತು ದಿನ ನಿಂತ. ಇಪ್ಪತ್ತೊಂದನೆಯ ದಿನ ಎಲ್ಲಿಂದಲೋ ಅಲೆದು ಬಂದ ಒಂದು ಎಳೆಯ ಹುಂಜ ಒಡಕು ಗಂಟಲಲ್ಲಿ ಒಂದು ಸಲ ಕೂಗಿತು.

ಮೇ ಕೊನೆಗೆ ಕುಯ್ಯುತ್ತಿದ್ದ ಹುಲ್ಲನ್ನು ಜುಲೈವರೆಗೆ ಮುಟ್ಟಲಿಲ್ಲ. ಹುಲ್ಲು ಬಲಿತು ಸತ್ವ ಹೋಯಿತು, ದನಗಳು ಮೂತಿ ತಿರುವಿದವು. ಹೋಗಲಿ. ಜೂನ್‌ನಲ್ಲಿ ಆ ಹುಲ್ಲಿನ ಅಂಚಿನಲ್ಲೇ ಒಂದು ಹೇಂಟೆ ಹೊರಬಂತು, ಹಿಂದೆ ಒಂಬತ್ತು ಮರಿ. ಓಲೀಟಾ ನೋಡಿ ಬಸ್ಸಿನ ಹಾರ್ನ್ ಒತ್ತಿಕೊಂಡೇ ನಮ್ಮ ಮನೆಗೆ ಬಂದಳು, ಬೇಸಿಗೆ ತರಗತಿಯ ಮಕ್ಕಳ ಸಮೇತ. ಒಂದು ವಾರಕ್ಕೆ ಒಂಬತ್ತು ಐದಾದವು, ತಣ್ಣನೆಯ ಮಳೆ ಹಿಡಿದಿತ್ತು. ಜುಲೈನಲ್ಲಿ ಮೂರು. ಆಗಸ್ಟ್‌ನಲ್ಲಿ ಓಲೀಟಾ ಎಣಿಕೆಗೆ ಬಂದಾಗ ಎರಡು.

ಆ ಸಂಜೆ ನಾನು, ಲೋವೆಲ್ ಗಾಡಿಯಲ್ಲಿ ಕೂತು ಅವೆರಡನ್ನು ನೋಡುತ್ತಿದ್ದೆವು. ತಾಯಿ ಮುಂದೆ, ಮರಿಗಳು ಮಿಡತೆ ಕುಕ್ಕುತ್ತ ಹಿಂದೆ.

"ಎರಡಾದ್ರೂ ಉಳಿದ್ವಲ್ಲ" ಎಂದೆ. ಸಮಾಧಾನಕ್ಕೆ ಅಂದದ್ದು. ಎರಡು ಮರಿಯಿಂದ ಒಂದು ಕಾಡು ತುಂಬುವುದಿಲ್ಲ. ಇಬ್ಬರೂ ಎಪ್ಪತ್ತು ದಾಟಿದವರು. ಆ ದಿಬ್ಬದಲ್ಲಿ ಮತ್ತೆ ಏಳೆಂಟು ಹುಂಜ ಕೂಗುವುದನ್ನು ನಾವು ಕೇಳುವುದಿಲ್ಲ. ಅದು ನನಗೂ ಗೊತ್ತು, ಅವನಿಗೂ ಗೊತ್ತು.

ಅವನು ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡ. ಆಮೇಲೆ, "ಆರ್ಡಿತ್, ಅವತ್ತು ಮಂಜಿರಲಿಲ್ಲ ಕಣೇ" ಎಂದ.

ನಾನು ಅವನ ಮುಖ ನೋಡಿದೆ.

"ಚೆನ್ನಾಗಿ ಬೆಳಕು ಹರಿದಿತ್ತು. ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತಿತ್ತು. ತಲೆ ನೋಡ್ದೆ. ಹೇಂಟೆ ಅಂತ ಗೊತ್ತಾಯ್ತು. ಓಲೀಟಾ ಹೇಳಿದ್ದು ಇದೇ ಅಂತಾನೂ ಗೊತ್ತಾಯ್ತು. ಬಂದೂಕು ಇಳಿಸ್ದೆ. ಆಮೇಲೆ ಹಲಗೆ ನೆನಪಾಯ್ತು. ಮತ್ತೆ ಎತ್ತಿದೆ."

ಇದನ್ನೂ ಹೇಳು ಎಂದು ಅವನೇ ಹೇಳಿದ್ದಾನೆ. ಇದನ್ನು ಬಿಟ್ಟು ಹೇಳುವುದಾದರೆ ಹೇಳಲೇಬೇಡ ಎಂದಿದ್ದಾನೆ. ಅದಕ್ಕೇ ಹೇಳುತ್ತಿದ್ದೇನೆ.

ಅಣ್ಣಂದಿರೇ, ತಮ್ಮಂದಿರೇ, ಬಂದೂಕು ಹಿಡಿಯುವ ನನ್ನ ತಂಗಿಯರೇ. ನಿಮ್ಮ ದಿಬ್ಬದಲ್ಲಿ ಇನ್ನೂ ಟರ್ಕಿ ಕೂಗುತ್ತಿದ್ದರೆ ನೀವು ನಮಗಿಂತ ಪುಣ್ಯವಂತರು. ನಿಮಗೆ ಇನ್ನೂ ಹೊತ್ತಿದೆ. ಜೋಳ ಸುರಿಯುವುದನ್ನು ಬಿಡಿ, ಆ ದುಡ್ಡಿಗೆ ಒಂದು ಗರಗಸ ತಂದು ದೇವದಾರು ಕಡಿಯಿರಿ, ಕಾಡಿನೊಳಕ್ಕೆ ಬಿಸಿಲು ಬೀಳಲಿ. ಚಳಿಗಾಲದಲ್ಲಿ ಬೋನು ಇಡಿ. ಮರಿ ಹಾರುವ ತನಕ ಹುಲ್ಲು ಕುಯ್ಯಬೇಡಿ. ಒಂದೇ ಹುಂಜ ಉಳಿದಿದ್ದರೆ ಅದನ್ನು ಬಿಟ್ಟುಬಿಡಿ, ಆದರೆ ಲೈಸೆನ್ಸು ಕೊಳ್ಳುವುದನ್ನು ಬಿಡಬೇಡಿ. ಬೇಸಿಗೆಯಲ್ಲಿ ಕಂಡ ತಾಯಿ ಎಷ್ಟು, ಮರಿ ಎಷ್ಟು ಎಂದು ಬರೆದು ಇಲಾಖೆಗೆ ಕಳಿಸಿ. ಮರಿಯೇ ಕಾಣದಿದ್ದರೂ ಕಾಣಲಿಲ್ಲ ಎಂದು ಬರೆದು ಕಳಿಸಿ, ಅದೂ ಅವರಿಗೆ ಬೇಕು.

ಇವೆಲ್ಲ ಕೈಕಾಲಿನ ಕೆಲಸ, ಇವತ್ತಲ್ಲ ನಾಳೆ ಮಾಡುತ್ತೀರಿ. ಇನ್ನೊಂದು ಕೆಲಸಕ್ಕೆ ಮಾತ್ರ ನಾಳೆ ಎನ್ನುವುದಿಲ್ಲ. ಕೊನೆಯ ದಿನ, ಖಾಲಿ ಕೈ, ಇಪ್ಪತ್ತು ಹೆಜ್ಜೆ ದೂರದಲ್ಲಿ ಗಡ್ಡವಿರುವ ಒಂದು ಹೇಂಟೆ. ಕಾಯ್ದೆ ಅಡ್ಡ ಬರುವುದಿಲ್ಲ, ನೋಡುವವರು ಯಾರೂ ಇಲ್ಲ. ಅದು ತಾಯಿ ಎಂದು ನಿಮಗೆ ಗೊತ್ತಾಗಿಯೇ ಆಗುತ್ತದೆ, ನನ್ನ ಗಂಡನಿಗೂ ಗೊತ್ತಾಗಿತ್ತು. ಆಗ ಬಂದೂಕು ಇಳಿಸಿ. ಇಳಿಸಿದ ಮೇಲೆ ಮತ್ತೆ ಎತ್ತಬೇಡಿ.